ಡಿಕ್ಕಿ ಬಾಗಿಲು ಎತ್ತಿದರೆ ನಿಲ್ಲುತ್ತಿಲ್ಲ, ಒಂದು ಕಡೆಯ ಗ್ಯಾಸ್ ಸ್ಟ್ರಟ್ ಬದಲಾಯಿಸಿದರೆ ಸಾಕಾ?

ಸಾಲದು. ಎರಡನ್ನೂ ಒಟ್ಟಿಗೇ ಬದಲಾಯಿಸಿ. ಗ್ಯಾಸ್ ಸ್ಟ್ರಟ್ ಅಂದರೆ ಬಾಗಿಲಿನ ಎರಡೂ ಬದಿಯಲ್ಲಿ ಅದನ್ನು ಎತ್ತಿ ಹಿಡಿಯುವ, ಗ್ಯಾಸ್ ತುಂಬಿದ ಕೊಳವೆ ಮತ್ತು ಅದರೊಳಗೆ ಜಾರುವ ರಾಡ್. ಗ್ಯಾರೇಜಿಗೆ ಹೋಗಲೇಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಒಂದು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ಇದ್ದು, ಜೊತೆಗೊಬ್ಬರು ಸಿಕ್ಕರೆ ಅರ್ಧ ಗಂಟೆಯ ಕೆಲಸ. ನನ್ನ ಹಳೆಯ ಎಸ್ಟೇಟ್ (ಹಿಂದೆ ಉದ್ದ ಡಿಕ್ಕಿಯ) ಕಾರಿಗೆ ನಾನೇ ಎರಡು ಸಲ ಹಾಕಿದ್ದೇನೆ. ಮೊದಲ ಸಲ ತಲೆಗೆ ಪೆಟ್ಟು ತಿಂದು ಕಲಿತೆ, ಅದನ್ನು ಮುಂದೆ ಹೇಳುತ್ತೇನೆ.

ಬೆಳಗಿನ ಚಳಿಯಲ್ಲಿ ಬಾಗಿಲು ತಾನಾಗಿ ಇಳಿಯುತ್ತದೆ, ಮಧ್ಯಾಹ್ನ ಸರಿಯಾಗೇ ನಿಲ್ಲುತ್ತದೆ ಅಂದಿದ್ದೀರಿ. ಅದು ನಿಮ್ಮ ಭ್ರಮೆ ಅಲ್ಲ. ಆ ಕೊಳವೆಯೊಳಗೆ ಇರುವುದು ಒತ್ತಿ ತುಂಬಿದ ನೈಟ್ರೋಜನ್ ಮತ್ತು ಸ್ವಲ್ಪ ಎಣ್ಣೆ. ಚಳಿಯಾದರೆ ಗ್ಯಾಸಿನ ಒತ್ತಡ ಇಳಿಯುತ್ತದೆ. 20 ಡಿಗ್ರಿಯಿಂದ 0 ಡಿಗ್ರಿಗೆ ಬಂದರೆ ಸುಮಾರು ಶೇ. 7ರಷ್ಟು ಕಡಿಮೆ. ಹೊಸ ಸ್ಟ್ರಟ್‌ಗೆ ಅದೇನೂ ಲೆಕ್ಕಕ್ಕಿಲ್ಲ. ವರ್ಷಗಟ್ಟಲೆ ಸೀಲ್ (ರಾಡ್ ಸುತ್ತ ಗ್ಯಾಸ್ ತಡೆಯುವ ರಬ್ಬರ್ ಬಳೆ) ಸವೆದು, ಗ್ಯಾಸ್ ಸೋರಿ, ಹೇಗೋ ಬಾಗಿಲು ಹಿಡಿದುಕೊಂಡಿರುವ ಸ್ಟ್ರಟ್‌ಗೆ ಅಷ್ಟೇ ಸಾಕು. ರಾಡ್ ಮೇಲೆ ಎಣ್ಣೆಯ ಜಿಡ್ಡು ಕಂಡರಂತೂ ಅನುಮಾನವೇ ಬೇಡ, ಸೀಲ್ ಹೋಗಿದೆ.

ಒಂದನ್ನೇ ಬದಲಾಯಿಸಿದರೆ ಏನಾಗುತ್ತದೆ? ಹೊಸದು ಒಂದು ಕಡೆ ಜೋರಾಗಿ ತಳ್ಳುತ್ತದೆ, ಇನ್ನೊಂದು ಕಡೆ ಬಲವೇ ಇಲ್ಲ. ಬಾಗಿಲು ತಿರುಚಿಕೊಳ್ಳುತ್ತದೆ. ಎರಡೂ ಸ್ಟ್ರಟ್ ಕೂತಿರುವುದು ಕೀಲಿನ ಹತ್ತಿರದಲ್ಲೇ ಅಲ್ವಾ? ಅಷ್ಟು ಗಿಡ್ಡ ಸನ್ನೆಯಿಂದ ಇಡೀ ಬಾಗಿಲನ್ನು ಎತ್ತಬೇಕು. ಅದಕ್ಕೇ ಬಾಗಿಲಿನ ಭಾರಕ್ಕಿಂತ ಎಷ್ಟೋ ಜಾಸ್ತಿ ಬಲ ಅವುಗಳಲ್ಲಿ ತುಂಬಿರುತ್ತಾರೆ. ಆ ಬಲ ಒಂದೇ ಕಡೆ ಬಿದ್ದರೆ ಕೀಲಿಗೆ ಒಳ್ಳೆಯದಲ್ಲ. ಅಲ್ಲದೆ ಎರಡಕ್ಕೂ ಒಂದೇ ವಯಸ್ಸು, ಉಳಿದದ್ದೂ ಇಂದೋ ನಾಳೆಯೋ ಅದೇ ದಾರಿ ಹಿಡಿಯುತ್ತದೆ.

ಕೊಳ್ಳುವಾಗ ಹಳೆಯದರ ಕೊಳವೆಯ ಮೇಲೆ ಅಚ್ಚಾಗಿರುವ ಪಾರ್ಟ್ ನಂಬರ್ ಮತ್ತು ನ್ಯೂಟನ್ ಸಂಖ್ಯೆ ನೋಡಿ. 450 ನ್ಯೂಟನ್ ಅಂದರೆ ಸುಮಾರು 45 ಕಿಲೋ ಭಾರ ತಡೆಯುವ ಬಲ. ಉದ್ದವೂ ತಾಳೆಯಾಗಬೇಕು. ಜಾಸ್ತಿ ಬಲದ್ದೇ ಇರಲಿ ಅಂತ ಆಸೆಪಡಬೇಡಿ. ಮುಚ್ಚಲು ಜೋತುಬೀಳಬೇಕಾಗುತ್ತದೆ. ಇನ್ನೊಂದು ಮಾತು: ನಿಮ್ಮದು ಗುಂಡಿ ಒತ್ತಿದರೆ ತಾನಾಗಿ ತೆರೆಯುವ ಬಾಗಿಲಾದರೆ ನಾನು ಹೇಳುವುದು ಅದಕ್ಕಲ್ಲ. ಅದರ ಕೊಳವೆಯೊಳಗೆ ಮೋಟರ್ ಇರಬಹುದು.

ಈಗ ತಲೆಪೆಟ್ಟಿನ ಕಥೆ. ಒಂದು ಸ್ಟ್ರಟ್ ತೆಗೆದರೂ ಇನ್ನೊಂದು ಹಿಡಿದುಕೊಳ್ಳುತ್ತದೆ ಅಂತ ನಾನು ನಂಬಿದ್ದೆ. ಸುಮ್ನೆ ಇರಲಿ ಅಂತ ಪೊರಕೆಯ ಕೋಲೊಂದನ್ನು ಆಸರೆ ಕೊಟ್ಟಿದ್ದೆ. ಸ್ಟ್ರಟ್ ಕಳಚಿದ ಕೂಡಲೇ ಬಾಗಿಲು ಅಲುಗಿತು, ಕೋಲು ಜಾರಿತು, ಬೀಗದ ಕೊಂಡಿ ನೇರವಾಗಿ ನನ್ನ ನೆತ್ತಿಗೆ ಬಂತು. ಹಿಂದಿನ ಗಾಜು, ವೈಪರ್ ಮೋಟರ್, ತಗಡು ಎಲ್ಲ ಸೇರಿದ ಭಾರ ಅದು. ಹಾಗಾಗಿ ಒಬ್ಬರು ಎರಡೂ ಕೈಯಲ್ಲಿ ಬಾಗಿಲು ಹಿಡಿದಿರಲಿ. ಜೊತೆಗೆ ದಪ್ಪ ಮರದ ತುಂಡಿಗೆ ತುದಿಯಲ್ಲಿ ಬಟ್ಟೆ ಸುತ್ತಿ ಆಸರೆ ಕೊಡಿ. ಎರಡೂ ಬೇಕು. ಹಿಡಿದವರಿಗೆ ಫೋನ್ ಬಂದರೆ ತೆಗೆಯಬೇಡಿ ಅಂತ ಮೊದಲೇ ಹೇಳಿಬಿಡಿ!

ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ. ದಪ್ಪ ಕೊಳವೆ ಯಾವ ಕಡೆ, ತೆಳ್ಳನೆಯ ರಾಡ್ ಯಾವ ಕಡೆ ಅನ್ನುವುದು ಮುಖ್ಯ. ಸಾಮಾನ್ಯವಾಗಿ ಬಾಗಿಲು ಮುಚ್ಚಿದಾಗ ರಾಡ್ ಕೆಳಮುಖವಾಗಿರುತ್ತದೆ. ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗಲು ಬಿಡುವುದಿಲ್ಲ. ತಲೆಕೆಳಗಾಗಿ ಹಾಕಿದರೆ ಅವತ್ತು ಕೆಲಸ ಮಾಡುತ್ತದೆ, ಆದರೆ ಬೇಗ ಸೋರುತ್ತದೆ.

ತುದಿಗಳು ಸಾಮಾನ್ಯವಾಗಿ ಗುಂಡಗಿನ ತಲೆಯ ಬೋಲ್ಟಿನ ಮೇಲೆ ಕೂತಿರುತ್ತವೆ. ಅಲ್ಲಿ ಒಂದು ತೆಳು ಸ್ಪ್ರಿಂಗ್ ಕ್ಲಿಪ್ ಕಾಣುತ್ತದೆ. ಸ್ಕ್ರೂಡ್ರೈವರ್ ತುದಿಯನ್ನು ಅದರ ಕೆಳಗೆ ತೂರಿಸಿ ಸ್ವಲ್ಪವೇ ಎತ್ತಿ, ಪೂರ್ತಿ ಕಿತ್ತು ತೆಗೆಯಬೇಡಿ. ಪಟ್ಟನೆ ಹಾರಿ ಹುಲ್ಲಿಗೆ ಬಿದ್ದರೆ ಸಿಗುವುದಿಲ್ಲ (ನನಗೆ ಸಿಗಲಿಲ್ಲ). ಹಳೆಯದನ್ನು ಹೇಗೂ ಎಸೆಯುತ್ತೀರಿ, ಆದರೆ ಹೊಸದು ಕೈಕೊಟ್ಟರೆ ಅದೇ ಆಧಾರ. ಕ್ಲಿಪ್ ಎತ್ತಿ ಹಿಡಿದು ಸ್ಟ್ರಟ್ಟನ್ನು ನಿಮ್ಮತ್ತ ಎಳೆದರೆ ಕಳಚುತ್ತದೆ. ಹೊಸದಕ್ಕೆ ಕ್ಲಿಪ್ ಮುಟ್ಟಬೇಕಾಗಿಯೇ ಇಲ್ಲ. ಬೋಲ್ಟಿನ ತಲೆಗೆ ಸರಿಯಾಗಿ ಇಟ್ಟು ಅಂಗೈಯಿಂದ ಒತ್ತಿ, ಟಕ್ ಅನ್ನುತ್ತದೆ. ಆಮೇಲೆ ಎಳೆದು ನೋಡಿ.

ಹೊಸ ಸ್ಟ್ರಟ್ ಪೂರ್ತಿ ಚಾಚಿಕೊಂಡೇ ಬರುತ್ತದೆ. ಒಂದು ತುದಿ ಕೂತ ಮೇಲೆ ಇನ್ನೊಂದು ತುದಿಗೆ ಅರ್ಧ ಇಂಚು ತಾಳೆಯಾಗದಿದ್ದರೆ ಸ್ಟ್ರಟ್ಟನ್ನು ಕೈಯಲ್ಲಿ ಒತ್ತಿ ಗಿಡ್ಡ ಮಾಡಲು ಹೋಗಬೇಡಿ, ಆಗುವುದಿಲ್ಲ. ಬಾಗಿಲನ್ನೇ ಇನ್ನಷ್ಟು ಮೇಲೆತ್ತಲು ಹೇಳಿ. ರಾಡನ್ನು ಇಕ್ಕಳದಲ್ಲಿ ಹಿಡಿಯಲೇಬೇಡಿ. ಒಂದು ಗೀರು ಬಿದ್ದರೂ ಅದು ಪ್ರತಿ ಸಲ ಸೀಲನ್ನು ಕೆರೆಯುತ್ತದೆ. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿ.

ತೆಗೆದ ಹಳೆಯದನ್ನು ನೆಲಕ್ಕೆ ನಿಲ್ಲಿಸಿ ಒತ್ತಿ ನೋಡಿ, ತಮಾಷೆಯಾಗಿರುತ್ತದೆ. ಸರಿಯಿರುವುದಾದರೆ ಮೈಭಾರವೆಲ್ಲ ಹಾಕಬೇಕು. ನನ್ನದು ಒಂದೇ ಕೈಗೆ ಸಲೀಸಾಗಿ ಒಳಗೆ ಹೋಯಿತು. ಆದರೆ ಅದನ್ನು ಕೊರೆಯುವುದು, ಕೊಯ್ಯುವುದು, ಬೆಂಕಿಗೆ ಹಾಕುವುದು ಬೇಡ. ಸತ್ತಂತೆ ಕಂಡರೂ ಒಳಗೆ ಒತ್ತಡ ಉಳಿದಿರುತ್ತದೆ.

ಮೊದಲ ಸಲ ಬಾಗಿಲನ್ನು ನಿಧಾನವಾಗಿ ಇಳಿಸಿ, ಎಲ್ಲೂ ತಾಗುತ್ತಿಲ್ಲವಾ ನೋಡಿ. ತೆರೆಯುವಾಗಲೂ ಹುಷಾರು. ತಿಂಗಳುಗಟ್ಟಲೆ ಹೆಗಲು ಕೊಟ್ಟು ಎತ್ತಿ ನಿಮ್ಮ ಕೈಗೆ ಅದೇ ಅಭ್ಯಾಸವಾಗಿರುತ್ತದೆ. ನಾನು ಅದೇ ಜೋರಿನಲ್ಲಿ ಎತ್ತಿದೆ, ಬಾಗಿಲು ಹಾರಿಹೋಗಿ ಶೆಡ್ಡಿನ ತೊಲೆಗೆ ಬಡಿಯಿತು. ಆ ಗೀರು ಇನ್ನೂ ಇದೆ.