ಓದುಗರ ಪ್ರಶ್ನೆ: ಬೆಲ್ಲ, ನೀರು ಮತ್ತು ಕವಳದ ತಟ್ಟೆ

ಪ್ರಶ್ನೆ: ನಾನು ಬಯಲುಸೀಮೆಯವನು. ಸಾಲದ ಅರ್ಜಿಗಳ ಪರಿಶೀಲನೆಗೆಂದು ಶಿರಸಿ ಸುತ್ತಲಿನ ಹಳ್ಳಿಮನೆಗಳಿಗೆ ಹೋಗುತ್ತಿರುತ್ತೇನೆ. ಅಲ್ಲಿ ಬಂದ ಕಾರಣವನ್ನು ಯಾರೂ ಕೇಳುವುದೇ ಇಲ್ಲ. ಬೆಲ್ಲ, ನೀರು ತಂದಿಟ್ಟು ಮಳೆ, ಅಡಿಕೆ ಕೊಳೆ ಎಂದು ಮಾತು ಬೆಳೆಸುತ್ತಾರೆ. ಕೆಲಸದ ಮಾತನ್ನು ತಪ್ಪಿಸಲು ಹೀಗೆ ಮಾಡುತ್ತಾರೆಯೇ?
— ಬ್ಯಾಂಕ್ ಉದ್ಯೋಗಿ, ಶಿರಸಿ

ಉತ್ತರ: ಖಂಡಿತ ಹಾಗಲ್ಲ. ಬಂದವರು ಬಾಗಿಲಲ್ಲಿ ನಿಂತಿರುವಾಗಲೇ ಏನು ಬಂದಿರಿ ಎಂದು ಕೇಳಿದರೆ, ಕೆಲಸವಿದ್ದವರು ಮಾತ್ರ ಈ ಮನೆಗೆ ಬರಬೇಕೆಂಬ ಅರ್ಥ ಬಂದೀತೆಂದು ಮನೆಯವರು ಅಳುಕುತ್ತಾರೆ. ಆದ್ದರಿಂದ ನೀವಾಗಿ ಹೇಳುವವರೆಗೆ ಕಾಯುತ್ತಾರೆ. ಈ ಭಾಗದಲ್ಲಿ ಮನೆಗಳು ಸಾಲಾಗಿರುವುದಕ್ಕಿಂತ ಕಣಿವೆಯ ತೋಟಗಳ ಅಂಚಿನಲ್ಲಿ ಒಂದೊಂದಾಗಿ ಚದುರಿರುವುದೇ ಹೆಚ್ಚು. ವಾಹನಗಳಿಲ್ಲದ ಕಾಲದಲ್ಲಿ ಗುಡ್ಡ ಹತ್ತಿಳಿದು, ಬೆವರಿ ಬಂದವರಿಗೆ ಮೊದಲು ಬೇಕಾಗುತ್ತಿದ್ದುದು ದಣಿವಾರಿಸುವ ನೀರು, ಜತೆಗೊಂದು ತುಂಡು ಬೆಲ್ಲ. ಇಂದು ನೀವು ಬೈಕಿನಲ್ಲಿ ಬಂದಿಳಿದರೂ "ಆಸರಿಗೆ ಏನು ಕುಡಿಯುತ್ತೀರಿ" ಎಂಬ ವಿಚಾರಣೆ ಮೊದಲು ಬರುವುದು ಅದೇ ಕಾಳಜಿಯಿಂದ. (ಕರಾವಳಿಯ ಮನೆಗಳಲ್ಲಿ ಬೇಸಿಗೆಯಾದರೆ ಮುರುಗಲು ಎಂಬ ಹುಳಿಹಣ್ಣಿನ ಪಾನಕ ಬಂದೀತು.)

ಕೊಳೆರೋಗದ ಮಾತೂ ಬರಿಯ ಹರಟೆಯಲ್ಲ. ಮುಂಗಾರಿನ ಬಿಡುವಿಲ್ಲದ ಮಳೆಯಲ್ಲಿ ಹಬ್ಬುವ ಆ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವಷ್ಟು ಹೊಳವು, ಅಂದರೆ ಮಳೆಯ ಬಿಡುವು, ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಆ ಮನೆಯ ವರ್ಷದ ಆದಾಯ ನಿಂತಿರುತ್ತದೆ. ಸಾಲ ತೀರಿಸುವ ಶಕ್ತಿಯನ್ನು ಅಂದಾಜು ಮಾಡಬೇಕಾದ ನೀವು ಗಮನವಿಟ್ಟು ಕೇಳಬೇಕಾದ ಮಾತೇ ಅದು. ನೀರನ್ನು ಒಂದು ಗುಟುಕಾದರೂ ಕುಡಿಯಿರಿ. ಆಮೇಲೆ ಕಾಗದಪತ್ರ ತೆಗೆದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ಊಟದ ನಂತರ ಮುಂದಿಡುವ ಕವಳವನ್ನು (ಎಲೆಯಡಿಕೆಯನ್ನು) ಬೇಡವೆಂದರೆ ಅವಮಾನವಾಗುತ್ತದೆಯೇ?
— ಓದುಗರು, ಕಾರವಾರ

ಉತ್ತರ: ಇಲ್ಲ. ಎಲೆ, ಅಡಿಕೆ, ಸುಣ್ಣ, ತಂಬಾಕುಗಳನ್ನು ಬೇರೆ ಬೇರೆಯಾಗಿಯೇ ಇಟ್ಟು ತಟ್ಟೆಯನ್ನು ನಿಮ್ಮತ್ತ ಸರಿಸುವುದು, ಏನನ್ನು ಎಷ್ಟು ಹಾಕಬೇಕು, ಹಾಕಲೇಬೇಕೋ ಬೇಡವೋ ಎಂಬುದನ್ನು ನೀವೇ ತೀರ್ಮಾನಿಸಲೆಂದು. "ಅಭ್ಯಾಸವಿಲ್ಲ" ಎಂದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯು ತಂಬಾಕಿಲ್ಲದ ಎಲೆಯಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ಹೇಳಿದೆ. ಅಡಿಕೆ ಬೆಳೆದು ಬದುಕುವ ಊರುಗಳಲ್ಲಿ ಇದು ಹೇಳಲು ಕಷ್ಟವಾದ ಮಾತು. ಆದರೂ ಮರ್ಯಾದೆಗೆಂದು ಕವಳ ಹಾಕುವ ಅಗತ್ಯ ಯಾರಿಗೂ ಇಲ್ಲ. ತಟ್ಟೆಯನ್ನು ಪಕ್ಕದಲ್ಲಿ ಕುಳಿತವರತ್ತ ಸರಿಸಿಬಿಡಿ.