ನೌಕರಿ ಜೊತೆಗೇ ಸಿಗ್ನಲ್ಸ್

ಪ್ರಶ್ನೆ: ಸರ್, ವಾಸ್ಕೋದಿಂದ ಪಣಜಿಗೆ ಹೋಗೋವಾಗ ಬಾಂಬೋಲಿಮ್‌ನಲ್ಲಿ ಮಿಲಿಟರಿ ಸಿಗ್ನಲ್ಸ್ ಟ್ರೇನಿಂಗ್ ಸೆಂಟರ್ ಕಾಣ್ಸುತ್ತೆ. ಟೆರಿಟೋರಿಯಲ್ ಆರ್ಮೀಲೂ ಸಿಗ್ನಲ್ಸ್ ಇತ್ತಾ?
— ಓದುಗ, ವಾಸ್ಕೋ

ಉತ್ತರ: ಇತ್ತು ಮಾರಾಯ್ರೇ. ನೀವು ನೋಡಿದ್ದು ರೆಗ್ಯುಲರ್ ಸೈನ್ಯದ್ದು, 1911ರಲ್ಲಿ ಹುಟ್ಟಿದ ಸಿಗ್ನಲ್ ಕೋರ್‌ದು, ಅಂದ್ರೆ ಸೈನ್ಯದ ಫೋನ್, ವೈರ್‌ಲೆಸ್ ಸಂಪರ್ಕ ನೋಡ್ಕೊಳ್ಳೋ ವಿಭಾಗದ್ದು. ಟೆರಿಟೋರಿಯಲ್ ಆರ್ಮಿ, ಅಂದ್ರೆ ಬೇರೆ ನೌಕರಿ ಮಾಡೋರ ಅರೆಕಾಲಿಕ ಸೈನ್ಯ, 1948ರ ಕಾಯ್ದೆಯಿಂದ ಬಂದಿದ್ದು, 1949ರ ಅಕ್ಟೋಬರ್ 9ಕ್ಕೆ ರಾಜಾಜಿ ಉದ್ಘಾಟನೆ ಮಾಡಿದ್ರು, ಶುರುವಿನಲ್ಲಿ ಅದ್ರಲ್ಲಿ ಸಿಗ್ನಲ್ ರೆಜಿಮೆಂಟೂ ಇತ್ತು, ನೌಕರಿ ಮಾಡ್ಕೊಂಡೇ ಟ್ರೇನಿಂಗು, ಕರೆ ಬಂದ್ರೆ ಯೂನಿಫಾರ್ಮು. ಆ ಕಾಲದ ಸಿಗ್ನಲ್ಸ್ ಅಂದ್ರೆ ಕೇಬಲ್ ಡ್ರಮ್ ಹೊತ್ಕೊಂಡು ಗದ್ದೆ ಗುಡ್ಡ ನೋಡದೆ ವೈರ್ ಬಿಚ್ತಾ ಹೋಗೋದು, ಹ್ಯಾಂಡಲ್ ತಿರುಗಿಸಿದ್ರೆ ಆ ಕಡೆ ಫೋನ್ ರಿಂಗಾಗೋದು, ಲೈನ್ ಕಟ್ಟಾದ್ರೆ ಕತ್ತಲಲ್ಲೇ ತಡಕಾಡ್ಕೊಂಡು ಹುಡುಕ್ಬೇಕು. 1972ರ ಹೊತ್ತಿಗೆ ಇನ್‌ಫೆಂಟ್ರಿ (ಕಾಲಾಳು ಪಡೆ) ಬಿಟ್ಟು ಇಂಥ ಯೂನಿಟ್‌ಗಳನ್ನ ಒಂದೋ ಮುಚ್ಚಿದ್ರು, ಇಲ್ಲಾ ರೆಗ್ಯುಲರ್‌ಗೆ ಸೇರಿಸಿದ್ರು. ನಂಗೇನೋ ಇದು ನಷ್ಟ ಅನ್ಸುತ್ತೆ, ದಿನಾ ಕಂಬ ಹತ್ತೋ ಟೆಲಿಫೋನ್ ಲೈನ್‌ಮ್ಯಾನ್‌ಗೆ ಈ ಕೆಲ್ಸ ಹೊಸದಾಗಿ ಕಲಿಸ್ಬೇಕಾ?