ತಾರೀಕು ಮುಂದೂಡುತ್ತಲೇ ಇದ್ದರೆ ಮೊದಲು ಏನು ಮಾಡಬೇಕು

ನಿಮ್ಮ ತಮ್ಮ ಮೂರು ವರ್ಷದಿಂದ ಜೈಲಿನಲ್ಲಿದ್ದಾನೆ, ಕಾಸರಗೋಡು ಕೋರ್ಟಿನಲ್ಲಿ ಬರೀ ಮುಂದಿನ ತಾರೀಕು ಸಿಗುತ್ತಿದೆ ಎಂದಿದ್ದೀರಿ. ನಾನು ನೋಡಿದ ಇಂಥ ಕೇಸುಗಳಲ್ಲಿ ಜಾಸ್ತಿ ಕಾರಣ ಒಂದೇ: ಸಾಕ್ಷಿಗಳಿಗೆ ಸಮನ್ಸ್ ತಲುಪಿರುವುದಿಲ್ಲ. ನಿಮ್ಮ ವಕೀಲರೇ ಸಮಯ ಕೇಳಿರಲೂಬಹುದು. ನೀವು ಬರೆದಷ್ಟರಿಂದ ಅದು ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೋರ್ಟು ಕೊಡುವ ಗುರುತಿನ ಸಂಖ್ಯೆ) ಹಾಕಿ ಕೇಸ್ ಹಿಸ್ಟರಿ ನೋಡಿ. ಪ್ರತಿ ತಾರೀಕು ಯಾರಿಂದ ತಪ್ಪಿತು ಅಂತ ಬರೆದಿಟ್ಟುಕೊಳ್ಳಿ. ಈ ಪಟ್ಟಿ ಇಲ್ಲದೆ ಸುಮ್ನೆ 'ತಡವಾಗಿದೆ' ಎಂದರೆ ಕೋರ್ಟು ಅರ್ಜಿಯನ್ನು ಒಪ್ಪುವುದು ಕಷ್ಟ.

ಆಮೇಲೆ ಜಾಮೀನು. ಇದು ಮೊದಲ ಕೇಸಾಗಿದ್ದು, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕ್ರಿಮಿನಲ್ ವಿಚಾರಣೆಯ ಕಾನೂನು) 479ನೇ ಸೆಕ್ಷನ್ ಅಡಿ ಕೇಳಿ. ಹಿಂದೆ ಶಿಕ್ಷೆಯಾದವರಿಗೆ ಅರ್ಧ ಅವಧಿ. ಈ ಕಾನೂನು ಜಾರಿಯಾದ 2024ರ ಜುಲೈಗಿಂತ ಹಳೆಯ ಕೇಸಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಆರೋಪಕ್ಕೆ, ಬೇರೆ ಕೇಸೂ ಬಾಕಿ ಇರುವವರಿಗೆ ಈ ದಾರಿಯಿಲ್ಲ. ಆಗ ಸಂವಿಧಾನದ 21ನೇ ವಿಧಿ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ಹಿಡಿದು ಎರ್ನಾಕುಳಂನ ಕೇರಳ ಹೈಕೋರ್ಟಿಗೆ ಹೋಗಬೇಕು. ಇಂತಿಷ್ಟು ತಿಂಗಳಲ್ಲಿ ವಿಚಾರಣೆ ಮುಗಿಸಲು ಆದೇಶವನ್ನೂ ಅಲ್ಲೇ ಕೇಳಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾಳೆಯೇ ಅರ್ಜಿ ಕೊಡಿ, ತಮ್ಮನಿಗೆ ಮಲಯಾಳಂ ಬರದಿದ್ದರೆ ಸಾಕ್ಷಿ ಹೇಳಿಕೆಯನ್ನು ಕನ್ನಡದಲ್ಲಿ ತಿಳಿಸಬೇಕೆಂದು ಅವರ ಮೂಲಕವೇ ಕೋರ್ಟನ್ನು ಕೇಳಿ.